ಒಳಗಿನ ಚಿಲಕ

"ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಓಡಿಬಂದವನು ಇವತ್ತು ನನಗೆ ಪಾಠ ಹೇಳ್ತಾನೆ, ಕೇಳ್ರಪ್ಪ" ಎಂದು ಅಣ್ಣ ಬೀದಿ ನಲ್ಲಿಯ ಹತ್ತಿರ ನಿಂತು ಎಲ್ಲರ ಕಿವಿಗೂ ಬೀಳುವಂತೆ ಹೇಳಿದ. "ಅದೂ ಎಂಥ ಪಾಠ? ತಾನೇ ಕೂರಿಸಿದ ಗ್ರಿಲ್ಲನ್ನ ತಾನೇ ಕುಯ್ತಾನಂತೆ. ಚಂಡಮಾರುತ ಬಂದು ಬಾಗಿಲು ಬಡಿಯೋ ಹೊತ್ತಲ್ಲಿ."

ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅಣ್ಣ ಹೈಸ್ಕೂಲು ಮೇಷ್ಟ್ರು. ಮೇಷ್ಟ್ರು ತಮಾಷೆ ಮಾಡಿದರೆ ನಗುವುದು ಬೀದಿಗೆ ರೂಢಿ. ಪಕ್ಕದ ಮನೆಯ ಕಂಪೌಂಡರ್ ಅಂತೂ ಬಿಂದಿಗೆ ಕೆಳಗಿಟ್ಟು ಸಾವಧಾನವಾಗಿ ನಕ್ಕರು. ವೆಲ್ಡಿಂಗ್ ಕೆಲಸದ ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಅಣ್ಣನ ತಯಾರಿಯಲ್ಲಿ ಹುಳುಕು ಹುಡುಕುವುದು ಸುಲಭವಲ್ಲ. ಬೆಳಿಗ್ಗೆಯೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಪಟ್ಟಿ ಬರೆದು, ಒಂದೊಂದಾಗಿ ಗೀಟು ಹೊಡೆಯುತ್ತ ಬಂದಿದ್ದ: ಕುಡಿಯುವ ನೀರು, ಮೇಣದಬತ್ತಿ, ಅಮ್ಮನ ಮಾತ್ರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಪತ್ರ. ಮನೆಗೆಲ್ಲ ತಗಡಿನ ಚಾವಣಿ; ಹಿಂದಿನ ಕೋಣೆಯೊಂದಕ್ಕೇ ಕಾಂಕ್ರೀಟು. ಸಂಜೆಯಾಗುತ್ತಲೇ ಅಮ್ಮ, ಅಣ್ಣ, ಅತ್ತಿಗೆ, ತಮ್ಮ ನಾಲ್ಕೂ ಜನ ಆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಅಮ್ಮ ತಿಂಗಳಿಂದ ಇದ್ದದ್ದೂ ಅಲ್ಲೇ. ಜಾರಿಬಿದ್ದು ತೊಡೆಯ ಮೂಳೆ ಮುರಿದು, ಸೊಂಟದಿಂದ ಪಾದದವರೆಗೆ ಪ್ಲಾಸ್ಟರು.

ಮಧ್ಯಾಹ್ನ ತಮ್ಮ ಆ ಕೋಣೆಯ ಕಿಟಕಿಗೆ ಹೊರಗಿನಿಂದ ಪ್ಲೈವುಡ್ ಹಲಗೆ ಇಟ್ಟು ಮೊಳೆ ಹೊಡೆಯುತ್ತಿದ್ದ. ಸರಳುಗಳ ಹಿಂದಿನಿಂದ ಅಮ್ಮ, "ಪೂರ್ತಿ ಮುಚ್ಚಿಬಿಡ್ತೀಯೇನೋ? ಆಮೇಲೆ ನನ್ನನ್ನ ಹೊರಗೆ ತೆಗೆಯೋರು ಯಾರೋ?" ಎಂದಳು. ಅವಳು ಹೇಳಿದ್ದು ನಗುನಗುತ್ತಲೇ. ತಮ್ಮನ ಸುತ್ತಿಗೆ ಮಾತ್ರ ಅಲ್ಲೇ ನಿಂತಿತು. ಆ ಕೋಣೆಗಿರುವುದು ಒಂದೇ ಬಾಗಿಲು, ಬಾಗಿಲಾಚೆ ನಡುಮನೆ, ಅದರ ತಲೆಯ ಮೇಲೆ ತಗಡು. ಗಾಳಿಗೆ ತಗಡೂ ತೊಲೆಯೂ ಕುಸಿದು ಬಾಗಿಲಿಗೆ ಅಡ್ಡ ಬಿದ್ದರೆ, ಉಳಿಯುವ ದಾರಿ ಈ ಕಿಟಕಿಯೊಂದೇ. ಕಿಟಕಿಗೋ, ಅವನ ಕೈಯಾರೆ ಕೂರಿಸಿದ ಗ್ರಿಲ್ಲು. ಅವನು ಮಾಡಿದ ಮೊದಲ ಗ್ರಿಲ್ಲು ಅದು. ಹೆಬ್ಬೆರಳು ದಪ್ಪದ ಸರಳು, ಗೋಡೆಯೊಳಕ್ಕೆ ಗೇಣುದ್ದ ಹೂತದ್ದು. ಆನೆ ಬಂದು ಎಳೆದರೂ ಜಗ್ಗಲ್ಲ ಎಂದು ಅವತ್ತು ಎದೆ ತಟ್ಟಿಕೊಂಡಿದ್ದ. ಅದನ್ನು ನೋಡಿಯೇ ಕಂಪೌಂಡರೂ ಸೇರಿ ಬೀದಿಯ ಇನ್ನೂ ಆರು ಮನೆಯವರು ಅಂಥದ್ದನ್ನೇ ಹಾಕಿಸಿಕೊಂಡಿದ್ದರು.

ನಲ್ಲಿಯ ಹತ್ತಿರ ಹೋಗಿ ಅವನು ಅಣ್ಣನಿಗೆ ಹೇಳಿದ್ದು ಇಷ್ಟೇ: "ಒಳಗೆ ಕೂರೋದಕ್ಕೆ ಬೇಕಾದ್ದೆಲ್ಲ ಬರ್ದಿದ್ದೀಯ. ಹೊರಗೆ ಬರೋದಕ್ಕೆ ಏನಾದ್ರೂ ಬರ್ದಿದ್ದೀಯಾ? ಆ ಗ್ರಿಲ್ಲನ್ನ ಕುಯ್ದು ಬಾಗಿಲು ಮಾಡಿಬಿಡ್ತೀನಿ." ಅದಕ್ಕೆ ಸಿಕ್ಕಿದ್ದು ಆ ಮಂಗಳಾರತಿ.

ಐದಕ್ಕೆ ಕರೆಂಟು ತೆಗೆಯುತ್ತೇವೆಂದು ಮೈಕಿನ ವ್ಯಾನು ಕೂಗಿಕೊಂಡು ಹೋಗಿತ್ತು. ಆಗಲೇ ನಾಲ್ಕೂಕಾಲು. ತಮ್ಮ ನೆಟ್ಟಗೆ ಮನೆಗೆ ಬಂದವನೇ ಹಲಗೆ ಕಿತ್ತೆಸೆದು, ಕಬ್ಬಿಣ ಕುಯ್ಯುವ ಗ್ರೈಂಡರಿನ ವೈರನ್ನೂ ವೆಲ್ಡಿಂಗ್ ಮೆಷಿನ್ನಿನ ವೈರನ್ನೂ ಹಿಂದಿನ ಕೋಣೆಗೆ ಎಳೆದ. ಅತ್ತಿಗೆ ಏನು ಎತ್ತ ಎಂದು ಕೇಳಲಿಲ್ಲ. ದಪ್ಪ ಕಂಬಳಿಯೊಂದನ್ನು ಬಕೆಟ್ಟಿನಲ್ಲಿ ಅದ್ದಿ, ಕಿಡಿ ತಾಗದಂತೆ ಅಮ್ಮನ ಮೇಲೆ ಹೊದಿಸಿದಳು. ಅಮ್ಮ ಕಂಬಳಿಯ ತುದಿ ಎತ್ತಿ, "ಜ್ವಾಪಾನ ಕಣೋ, ಕಾಲು ಕುಯ್ದುಬಿಟ್ಟೀಯ. ಪ್ಲಾಸ್ಟರ್ ಹಾಕಿದ ಡಾಕ್ಟರಿಗೆ ಬೇಜಾರಾಗುತ್ತೆ" ಎಂದಳು.

ಹಿಂದೆಯೇ ಬಂದ ಅಣ್ಣ ಬಾಗಿಲಲ್ಲಿ ನಿಂತು, ಈ ಮನೆಯಲ್ಲಿ ಗಟ್ಟಿ ಎನ್ನುವುದು ಅದೊಂದೇ, ಅದಕ್ಕೂ ಕಲ್ಲು ಹಾಕಬೇಡ ಎಂದು ಗದರಿದ. ಗದರುತ್ತಲೇ ಸ್ವಿಚ್ಚಿನ ಕಡೆ ಕೈ ಚಾಚಿದ.

"ಅದನ್ನ ಮುಟ್ಟಬೇಡಿ" ಎಂದಳು ಅತ್ತಿಗೆ, ದನಿ ಏರಿಸದೆ. "ಇವತ್ತು ಈ ಕೋಣೇಲಿ ನಾನೂ ಇರ್ತೀನಿ."

ಅಣ್ಣನ ಕೈ ಹಾಗೇ ಇಳಿಯಿತು. ಗ್ರೈಂಡರು ಕಿರುಚತೊಡಗಿತು. ಒಬ್ಬರನ್ನು ಎತ್ತಿ ದಾಟಿಸುವಷ್ಟು ಅಗಲಕ್ಕೆ ತಮ್ಮ ಸರಳುಗಳನ್ನು ಕುಯ್ದ. ಎಷ್ಟು ಗಟ್ಟಿ ಮಾಡಿದ್ದೆ ಎಂಬುದು ಪ್ರತಿ ಸರಳಿನಲ್ಲೂ ಅವನ ಕೈಗೇ ತಿಳಿಯುತ್ತಿತ್ತು. ಒಂದೊಂದಕ್ಕೂ ತನ್ನನ್ನು ತಾನೇ ಬೈದುಕೊಂಡ. ಕುಯ್ದ ತುಂಡನ್ನೇ ಬಾಗಿಲು ಮಾಡಿ, ಎರಡು ಕೀಲು ಕೂರಿಸಿ, ಒಳಮಗ್ಗುಲಿಗೆ ಚಿಲಕ ಇಟ್ಟು ಬೆಸುಗೆ ಹಾಕಿದ. ಕೊನೆಯ ಬೆಸುಗೆಗೆ ರಾಡು ಮುಟ್ಟಿಸಿ ಎತ್ತುವುದಕ್ಕೂ ಬಲ್ಬು ಆರುವುದಕ್ಕೂ ಸರಿಹೋಯಿತು. ನೀರು ಸುರಿದಾಗ ಕಬ್ಬಿಣ ಚುಂಯ್ ಎಂದಿತು. ಅತ್ತಿಗೆ ಚಿಲಕ ಸರಿಸಿ ತಳ್ಳಿದಳು. ಆನೆಗೂ ಜಗ್ಗದ ಗ್ರಿಲ್ಲು ಅವಳ ಒಂದು ಕೈಗೆ ತೆರೆದುಕೊಂಡಿತು.

ಕಿಟಕಿಯಾಚೆ, ಓಣಿಯಲ್ಲಿ, ನಲ್ಲಿಯ ಸಾಲೇ ಬಂದು ನಿಂತಿತ್ತು. ಯಾರೂ ನಗುತ್ತಿರಲಿಲ್ಲ. ಕಂಪೌಂಡರು ಪಕ್ಕದ ತಮ್ಮದೇ ಮನೆಯ ಕಿಟಕಿಯನ್ನೂ ಈ ಕಿಟಕಿಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದರು.

ಅಣ್ಣ ಹತ್ತಿರ ಬಂದು, ಹುಡುಗರ ಲೆಕ್ಕ ತಿದ್ದುವವನ ಹಾಗೆ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದ. ತಪ್ಪು ಸಿಗಲಿಲ್ಲ. ಆದರೂ ಓಣಿಯವರಿಗೆಲ್ಲ ಕೇಳುವಂತೆ, "ಇದನ್ನ ಅವತ್ತೇ ಹೀಗೆ ಮಾಡೋಕೆ ಏನಾಗಿತ್ತು ನಿಂಗೆ?" ಎಂದ.

ಮಧ್ಯಾಹ್ನದಿಂದ ತಮ್ಮನ ತಲೆಯೊಳಗೆ ಕುಟ್ಟುತ್ತಿದ್ದದ್ದೂ ಅದೇ ಪ್ರಶ್ನೆ. ಅವನು ಮೂಲೆಯಲ್ಲಿದ್ದ ಕೈಯಿಂದ ಕುಯ್ಯುವ ಹ್ಯಾಕ್ಸಾ ಗರಗಸ ತೆಗೆದುಕೊಂಡ, ಇದ್ದಬದ್ದ ಬ್ಲೇಡುಗಳನ್ನೆಲ್ಲ ಜೇಬಿಗೆ ತುರುಕಿದ. ಬಾಗಿಲಿನ ಕಡೆ ಹೋಗದೆ, ಆ ಕಿಟಕಿಯಿಂದಲೇ ಓಣಿಗೆ ಇಳಿದು, ಬೀಸತೊಡಗಿದ ಗಾಳಿಗೆ ಎದೆಯೊಡ್ಡಿಕೊಂಡು ಕಂಪೌಂಡರ ಮನೆಯತ್ತ ನಡೆದ. ಇನ್ನೂ ಆರು ಮನೆ ಬಾಕಿ ಇತ್ತು. ಕರೆಂಟು ಇರಲಿಲ್ಲ.