ಯುಕ್ಕಾ ಬೇರಿನ ಎರಡು ತುದಿ

ಯುಕ್ಕಾ ಬೇರು ಬರಲೊಲ್ಲದು. ವೆರ್ನಿಟಾ ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿ ಊರಿ ಜಗ್ಗಿದಳು. ಆ ಜಗ್ಗಾಟಕ್ಕೆ, ನೆತ್ತಿಯ ಮೇಲೆ ಊರನ್ನೇ ಹೊತ್ತು ನಿಂತಿದ್ದ ಕಲ್ಲುದಿಬ್ಬ ಒಂದು ಗೇಣು ದಕ್ಷಿಣಕ್ಕೆ ಸರಿಯಿತು. ನಂಬದವರು ಹೋಗಿ ಅಳೆದು ನೋಡಬಹುದು. ಬೇರು ಮಾತ್ರ ಸರಿಯಲಿಲ್ಲ.

ಸೀಗೆಯಂತೆ ನೊರೆ ಬಿಡುವ ಆ ಬೇರು ಇವತ್ತೇ ಬೇಕಾಗಿತ್ತು. ತಮ್ಮ ವಿಲ್ಬರ್ಟನಿಗೆ ಗಂಡುಮಗು ಹುಟ್ಟಿ ಹತ್ತೊಂಬತ್ತು ದಿನ. ಬಿಸಿಲು ಸೋಕದಂತೆ ಕಿಟಕಿಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ ತಾಯಿ ಮಗು ಮಲಗಿದ್ದಾರೆ. ದಿನ ಎಣಿಸಿ ಅಳಿಸಲೆಂದು ಗೋಡೆಗೆ ಎಳೆದ ಮೆಕ್ಕೆಜೋಳದ ಹಿಟ್ಟಿನ ಗೆರೆಗಳಲ್ಲಿ ಅಳಿಸದೆ ಉಳಿದದ್ದು ಒಂದೇ. ನಾಳೆ ಸೂರ್ಯ ಏಳುವ ಮೊದಲು ಸೋದರತ್ತೆ ಮಗುವಿನ ತಲೆ ತೊಳೆದು, ಬಿಲ ತೋಡುವ ಬ್ಯಾಡ್ಜರ್ ಪ್ರಾಣಿಯದಾದ ತನ್ನ ಕುಲದ ನೆನಪು ಹೊತ್ತ ಹೆಸರಿಟ್ಟು, ದಿಬ್ಬದ ಅಂಚಿಗೆ ಒಯ್ದು ಸೂರ್ಯನಿಗೆ ತೋರಿಸಬೇಕು. ಇರುವ ಸೋದರತ್ತೆ ಇವಳೊಬ್ಬಳೇ. ಇವಳಿಗೂ ತಮ್ಮನಿಗೂ ಆರು ವರ್ಷದಿಂದ ಮಾತಿಲ್ಲ.

ಹೆಸರಿಡುವುದರಲ್ಲಿ ವೆರ್ನಿಟಾಳ ಕೈ ದೊಡ್ಡದು. ನೂರಾ ಹನ್ನೊಂದು ಮಕ್ಕಳಿಗೆ ಹೆಸರಿಟ್ಟವಳು. ಎಷ್ಟೋ ಕೂಸುಗಳು ಹೆಸರು ಕೇಳಿದೊಡನೆ ತೊಟ್ಟಿಲಲ್ಲೇ ತಲೆದೂಗಿದವಂತೆ. ಆದರೆ ಈ ಕೂಸಿಗೆ ಒಂದು ಹೆಸರೂ ಹೊಳೆಯುತ್ತಿಲ್ಲ. ಒಳಗೆ ಕಹಿ ಇಟ್ಟುಕೊಂಡು ಇಟ್ಟ ಹೆಸರು ಕೂಸಿಗೆ ಆಗಿಬರುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಬಾಣಂತಿ ಡೋರಿನ್ ಮಲಗಿದ್ದಲ್ಲಿಂದಲೇ ಚುಚ್ಚಿದ್ದಳು.

"ಅತ್ತಿಗೇ, ಹೆಸರು ಸಿಕ್ತಾ?"

"ಹೆಸರೇನು ಕುರಿಮರೀನಾ, ಹಗ್ಗ ಕಟ್ಟಿ ಎಳ್ಕೊಂಡು ಬರೋಕೆ? ಬರುತ್ತೆ, ತಡಿ."

"ಹತ್ತೊಂಬತ್ತು ದಿನದಿಂದ ಬರ್ತಾನೇ ಇದೆ. ಎಲ್ಲಿಂದ, ತೆವಳ್ಕೊಂಡಾ?"

ಅಕ್ಕ ತಮ್ಮನ ಜಗಳವೆಲ್ಲ ಒಂದು ಕೋಲಿಗೆ. ಸೋದರಮಾವ ಜೋಳ ನೆಡುತ್ತಿದ್ದ, ಹಿಡಿಕೆ ಸವೆದ ಕೋಲು. ಮಾವ ಸತ್ತಾಗ ವಿಲ್ಬರ್ಟ್ ಅದನ್ನು ಕೇಳಿದ. "ಮಾವ ನರಳೋವಾಗ ಪೇಟೇಲಿ ಕೂತಿದ್ದೋನಿಗೆ ಕೋಲು ಬೇರೆ ಕೇಡು!" ಎಂದು ವೆರ್ನಿಟಾ ಅದನ್ನು ಹಾಸಿಗೆಯಡಿ ತುರುಕಿದಳು. ನೆಡುವುದು ಗಂಡಸರ ಕೆಲಸ. ಅವಳು ಅದರಿಂದ ಒಂದು ಕಾಳನ್ನೂ ನೆಟ್ಟವಳಲ್ಲ. ಆರು ವರ್ಷ ಅದರ ಮೇಲೆ ಮಲಗಿ ಬೆನ್ನು ನೋಯಿಸಿಕೊಂಡಳು, ಅಷ್ಟೆ.

ಬೇರು ಇದ್ದಕ್ಕಿದ್ದಂತೆ ಒಳಕ್ಕೆ ಸೆಳೆಯಿತು. ವೆರ್ನಿಟಾ ಒಂದು ಕೈಯಿಂದ ಮರಳು ಬಗೆದು ನೋಡಿದಳು. ಬಿಲದೊಳಗೆ, ಬೇರಿನ ಇನ್ನೊಂದು ತುದಿಯನ್ನು ಕಚ್ಚಿಕೊಂಡು, ಹಣೆಯ ನಡುವೆ ಬಿಳಿ ಪಟ್ಟೆಯ ಮುದಿ ಬ್ಯಾಡ್ಜರ್ ಒಂದು ಕೂತಿತ್ತು. ಹಿಡಿದದ್ದನ್ನು ಸಿಡಿಲು ಬಡಿದರೂ ಬಿಡದ ಪ್ರಾಣಿ ಅದು.

"ಬಿಡು ಅಜ್ಜ! ನಾನೂ ನಿನ್ನ ಕುಲದೋಳೇ. ಮರ್ಯಾದೆ ಇದ್ರೆ ಬಿಡು!"

ಅಜ್ಜ ಬಿಡಲಿಲ್ಲ. ಇವಳೂ ಬಿಡಲಿಲ್ಲ. ನೋಡಲು ಮೊದಲು ಎರಡು ಕಾಗೆ ಬಂದವು, ಆಮೇಲೆ ಅವುಗಳ ನೆಂಟರಿಷ್ಟರು, ಆಮೇಲೆ ಆಸುಪಾಸಿನ ಮೂರೂ ದಿಬ್ಬಗಳ ಕಾಗೆಗಳು. ಹೊತ್ತು ಇಳಿಯುತ್ತ ಬಂತು. ಹೆಸರಿಲ್ಲ, ಬೇರೂ ಇಲ್ಲ. ಬೇರಿನಲ್ಲಿ ಅವಳ ಉಗುರು ನಾಟಿತು.

ಆಗ ಬ್ಯಾಡ್ಜರ್ ತನ್ನ ಎಡಗಣ್ಣನ್ನು ಮೆಲ್ಲಗೆ ಮುಚ್ಚಿತು.

ಮಾವ ಹಾಗೆಯೇ ಮುಚ್ಚುತ್ತಿದ್ದ. ಚಿಕ್ಕಂದಿನಲ್ಲಿ ಹಗ್ಗದ ಒಂದು ತುದಿಯನ್ನು ಅಕ್ಕ ತಮ್ಮಂದಿರ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಜಗ್ಗುತ್ತ, ಎಡಗಣ್ಣು ಮುಚ್ಚಿ ಥಟ್ಟನೆ ಬಿಟ್ಟುಬಿಡುತ್ತಿದ್ದ. ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿ ಬಿದ್ದು ನಗುತ್ತಿದ್ದರು.

ಬ್ಯಾಡ್ಜರ್ ಥಟ್ಟನೆ ಬಿಟ್ಟಿತು. ವೆರ್ನಿಟಾ ಬೇರಿನ ಸಮೇತ ಅಂಗಾತ ಬಿದ್ದಳು, ಒಬ್ಬಳೇ. ಬಿಲದೊಳಗಿನಿಂದ ಕೆಮ್ಮು ಕೇಳಿಸಿತು. ಅದರ ಹಿಂದೆಯೇ, ಆರು ವರ್ಷದಿಂದ ಮಣ್ಣಲ್ಲಿದ್ದ ದನಿ.

"ನೀನೇ ಗೆದ್ದೆ, ತಗೋ ಮಗಳೇ. ಇನ್ನು ಒಬ್ಬಳೇ ಆಡ್ಕೋ."

ಅವಳು ಬಿಲಕ್ಕೆ ತೋಳು ಹಾಕಿ ತಡಕಿದಳು. ಒಳಗೆ ತಣ್ಣನೆಯ ಮರಳು, ಅಷ್ಟೆ.

ಮರುದಿನ ಮಸುಕಿನಲ್ಲೇ ಅವಳು ತಮ್ಮನ ಮನೆಗೆ ಬಂದಾಗ ಒಂದು ಕೈಯಲ್ಲಿ ಬೇರು, ಇನ್ನೊಂದರಲ್ಲಿ ಕೋಲು. ಕೋಲನ್ನು ಬಾಗಿಲ ಹೊರಗೆ ಒರಗಿಸಿದಳು. ಬೇರಿನ ನಡುವಿನ ತುಂಡನ್ನು ಜಜ್ಜಿ, ನೊರೆ ಎಬ್ಬಿಸಿ, ಕೂಸಿನ ತಲೆ ತೊಳೆದಳು. ಹೆಸರು ಹೇಳಿದಳು: "ಮೊದಲು ಬಿಟ್ಟುಕೊಟ್ಟವನು."

ಡೋರಿನ್ ಹುಬ್ಬೇರಿಸಿದಳು. "ಇದೆಂಥ ಹೆಸರು ಅತ್ತಿಗೆ? ಬ್ಯಾಡ್ಜರ್ ಎಲ್ಲಾದ್ರೂ ಬಿಡುತ್ತಾ?"

"ಬಿಡ್ತು. ನಾನೇ ಕಂಡೆ."

ಕೂಸು ತಲೆದೂಗಲಿಲ್ಲ, ಸೀನಿತು. ಅಂಚಿನಲ್ಲಿ ಸೂರ್ಯನಿಗೆ ತೋರಿಸಿ ಮರಳುವಾಗ ವಿಲ್ಬರ್ಟ್ ಬಾಗಿಲಲ್ಲಿ ನಿಂತಿದ್ದ. ವೆರ್ನಿಟಾ ಮುಖ ನೋಡದೆ ಕೋಲನ್ನು ಅವನತ್ತ ಚಾಚಿದಳು.

"ತಗೋ. ನನಗೆ ಬೆನ್ನು ನೋವು."

ಅವನು ಸವೆದ ಹಿಡಿಕೆಯ ಮೇಲೆ ಹೆಬ್ಬೆರಳು ಆಡಿಸಿದ. "ಅಕ್ಕಾ," ಎಂದ, ಆರು ವರ್ಷದ ಮೇಲೆ ಮೊದಲ ಮಾತು. "ಮೊದಲು ಬಿಟ್ಟುಕೊಟ್ಟಿದ್ದು ಯಾರು, ನೀನಾ?"

ಮೂರೂ ದಿಬ್ಬಗಳಲ್ಲಿ ಮಾತಿಗೆ ಸೋಲದವಳು ಕೂಸನ್ನು ಅವನ ಇನ್ನೊಂದು ತೋಳಿಗೆ ದಾಟಿಸಿದಳು.

ಒಳಗೆ ಡೋರಿನ್ ಕಿಟಕಿಯ ಕಂಬಳಿ ಕಿತ್ತು, ಉಳಿದಿದ್ದ ಬೇರಿನ ಎರಡು ತುದಿಗಳನ್ನು ಬಿಸಿಲಿಗಿಟ್ಟಳು. ಒಂದರಲ್ಲಿ ಹಲ್ಲಿನ ಗುರುತು, ಇನ್ನೊಂದರಲ್ಲಿ ಉಗುರಿನದು. ಉಗುರಿನದೇ ಹೆಚ್ಚು ಆಳವಾಗಿತ್ತು.