ಕೈ ಎತ್ತದ ತರಗತಿ

"ಮೊಳೆ ಇಷ್ಟೇ ಇಷ್ಟು, ಮುಳುಗಿಹೋಯ್ತು. ಮರದ ತುಂಡು ಇಷ್ಟು ದಪ್ಪ ಇದೆ, ಆದ್ರೂ ತೇಲ್ತಾ ಇದೆ. ಯಾಕೆ ಮಕ್ಕಳೇ? ಗೊತ್ತಿದ್ದೋರು ಕೈ ಎತ್ತಿ ನೋಡೋಣ," ಎಂದು ಚಿಕ್ಕವಳು ನೀರಿನ ಬೋಗುಣಿಯ ಪಕ್ಕ ನಿಂತು ಕೇಳಿದಳು. ತರಗತಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದ ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ದೊಡ್ಡವಳಿಗೆ ಹೊಟ್ಟೆ ತಣ್ಣಗಾಯಿತು. ಇಬ್ಬರೂ ಒಂದೇ ಮನೆಯ ಸೊಸೆಯರು, ಅಣ್ಣತಮ್ಮಂದಿರ ಹೆಂಡಿರು. ತರಗತಿ ದೊಡ್ಡವಳದು, ವರ್ಷಗಟ್ಟಲೆ ಇಲ್ಲಿ ಪಾಠ ಹೇಳುತ್ತ ಬಂದವಳು. ಆದರೆ ಶಿಕ್ಷಕಿಯ ಸರ್ಟಿಫಿಕೇಟು ಮಾತ್ರ ಕೈಗೆ ಸಿಕ್ಕಿಲ್ಲ. ಎರಡು ಸಲ ಮಕ್ಕಳೆದುರು ಕಲಿಸಿ ತೋರಿಸುವ ಕೊನೆಯ ಪರೀಕ್ಷೆ ಪಾಠದ ತನಕ ಹೋಗಿ, ಪರೀಕ್ಷಕರ ಮುಖ ಕಂಡೊಡನೆ ನಾಲಿಗೆ ಒಣಗಿ ಫೇಲಾಗಿ ಬಂದಿದ್ದಳು. ನಿನ್ನೆ ಮೊನ್ನೆ ಮನೆ ತುಂಬಿದ ಈ ಚಿಕ್ಕವಳೋ, ಕೋರ್ಸಿಗೆ ಸೇರಿ, ಓದಿ, ಮೊದಲ ಸಲಕ್ಕೇ ಇಲ್ಲಿಗೆ ಬಂದು ನಿಂತಿದ್ದಾಳೆ. ಇವತ್ತು ಪಾಸಾದರೆ ಈ ತರಗತಿಯೇ ಅವಳದು. ಹೆಡ್ ಮಿಸ್ಸು ಖಡಾಖಂಡಿತವಾಗಿ ಹೇಳಿಯಾಗಿದೆ: ಸರ್ಟಿಫಿಕೇಟ್ ಇದ್ದವರಿಗೆ ತರಗತಿ, ಇಲ್ಲದವರು ಪಕ್ಕದಲ್ಲಿ ನಿಂತು ಸಹಾಯ ಮಾಡಿಕೊಂಡಿರಲಿ. ಅಂದರೆ ಓರಗಿತ್ತಿ ಪಾಠ ಹೇಳುವುದು, ಇವಳು ಬೋರ್ಡು ಒರೆಸುವುದು!

ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮೊನ್ನೆ ಅತ್ತೆ ಚಿಕ್ಕವಳ ತಲೆ ಸವರಿ, "ಅಂತೂ ನಮ್ಮನೇಗೂ ಒಬ್ಬ ಟೀಚರಮ್ಮ ಬಂದಳಪ್ಪಾ!" ಎಂದುಬಿಟ್ಟರು. ಹಾಗಾದರೆ ಇಷ್ಟು ವರ್ಷ ಸೀಮೆಸುಣ್ಣ ಹಿಡಿದು ಗಂಟಲು ಹರಿದುಕೊಂಡವಳು ಯಾರು, ಶಾಲೆಯ ಕಸ ಗುಡಿಸುವವಳೇ? ಆ ಮಾತು ದೊಡ್ಡವಳ ಎದೆಯಲ್ಲಿ ಕೆಂಡದ ಹಾಗೆ ಕೂತಿತು. ನಿನ್ನೆ ಕೊನೆಯ ಪಿರಿಯಡ್ಡಿನಲ್ಲಿ ಬಾಗಿಲು ಮುಂದೆ ಮಾಡಿ ಮಕ್ಕಳಿಗೆ ಹೇಳಿದಳು: "ನಾಳೆ ಹೊಸ ಮಿಸ್ ಏನೇ ಕೇಳಲಿ, ಗೊತ್ತಿದ್ರೂ ಒಬ್ಬರೂ ಕೈ ಎತ್ತಬಾರದು. ನೀವು ನನ್ನ ಮಕ್ಕಳಲ್ವಾ?"

ನಿಜಕ್ಕೂ ಅವಳ ಮಕ್ಕಳೇ. ಚಿಕ್ಕವಳು ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. ಮರದ ತುಂಡನ್ನು ನೀರಿನೊಳಕ್ಕೆ ಅದುಮಿ ಬಿಟ್ಟಳು. ಅದು ಪುಳಕ್ಕನೆ ಮೇಲೆ ಬಂತು. ಮಕ್ಕಳ ಕಣ್ಣುಗಳೂ ಅದರ ಜೊತೆ ಮೇಲೆ ಬಂದವು, ಬಾಯಿ ಮಾತ್ರ ತೆರೆಯಲಿಲ್ಲ. ಇಡೀ ಶಾಲೆಯೇ 'ರೇಡಿಯೋ' ಎಂದು ಕರೆಯುವ ವಾಚಾಳಿ ಹುಡುಗಿ ಕೂಡ ತುಟಿ ಕಚ್ಚಿಕೊಂಡು ಕೂತಿದ್ದಳು. ಚಿಕ್ಕವಳ ಕುತ್ತಿಗೆಯಲ್ಲಿ ಬೆವರು ಇಳಿಯುವುದು ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಒಣಗಲಿ ನಿನ್ನ ನಾಲಿಗೆಯೂ, ಗೊತ್ತಾಗಲಿ ಹೇಗಿರುತ್ತೆ ಅಂತ, ಎಂದುಕೊಂಡಳು ದೊಡ್ಡವಳು.

ಪರೀಕ್ಷಕರು ಚಿಕ್ಕವಳನ್ನು ಬಿಟ್ಟು ಹಿಂದಕ್ಕೆ ತಿರುಗಿದರು. "ಏನಮ್ಮಾ, ಇದು ನಿಮ್ಮ ತರಗತಿ ಅಲ್ವಾ? ಮಕ್ಕಳಿಗೆ ಬಾಯೇ ಇಲ್ವಲ್ಲ! ಇಷ್ಟು ವರ್ಷ ಏನು ಕಲಿಸಿದ್ರಿ ಇವಕ್ಕೆ?"

ಅಯ್ಯೋ ದೇವರೇ! ಇದು ಅವಳ ಲೆಕ್ಕದಲ್ಲೇ ಇರಲಿಲ್ಲ. "ಹಾಗೇನಿಲ್ಲ ಸಾರ್, ಎಲ್ಲಾ ಗೊತ್ತು ಇವಕ್ಕೆ," ಎಂದು ದಡಬಡಿಸಿ ಎದ್ದಳು. "ಹೇಳ್ರೋ! ಏ ರೇಡಿಯೋ, ಹೇಳೇ!"

ರೇಡಿಯೋ ಎದ್ದು ನಿಂತಳು. "ಗೊತ್ತಿದ್ರೂ ಕೈ ಎತ್ತಬಾರದು ಅಂತ ನೀವೇ ಹೇಳಿದ್ರಲ್ಲ ಮಿಸ್? ಅದಕ್ಕೇ ನಾನು ಕೈ ಮೇಲೆ ಕೂತ್ಕೊಂಡಿದ್ದೆ."

ಪರೀಕ್ಷಕರ ಹುಬ್ಬು ಮೇಲೇರಿತು. ಚಿಕ್ಕವಳು ಓರಗಿತ್ತಿಯನ್ನು ನೋಡಿದಳು, ಒಂದೇ ಒಂದು ನೋಟ. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ಹೌದು ಸಾರ್, ಅಕ್ಕನ ಹತ್ರ ನಾನೇ ಹಾಗೆ ಹೇಳಿಸಿದ್ದೆ," ಎಂದಳು. "ಯಾವಾಗಲೂ ಮುಂದಿನ ನಾಲ್ಕು ಮಕ್ಕಳು ಕೈ ಎತ್ತಿಬಿಡ್ತಾರೆ, ಉಳಿದವರು ಯೋಚನೆ ಮಾಡೋದನ್ನೇ ಬಿಡ್ತಾರೆ. ಕೈ ಕಟ್ಟಿಹಾಕಿದ್ರೆ ಎಲ್ಲರೂ ಯೋಚಿಸ್ತಾರೆ. ಹೂಂ ಮಕ್ಕಳೇ, ಯೋಚನೆ ಆಯ್ತಲ್ಲ? ಈಗ ಪಕ್ಕದವರ ಕಿವಿಯಲ್ಲಿ ಹೇಳಿ."

ಕಟ್ಟೆ ಒಡೆದ ಹಾಗಾಯಿತು. ಪಿಸುಮಾತು ಗುಜುಗುಜು ಆಗಿ, ಗುಜುಗುಜು ಗಲಾಟೆಯಾಗಿ, ಕೊನೆಗೆ ಮಕ್ಕಳೆಲ್ಲ ಬೋಗುಣಿಯ ಸುತ್ತ ಮುಗಿಬಿದ್ದರು. ಸದಾ ಮೂಲೆಯಲ್ಲಿ ಮುದುರಿಕೊಂಡಿರುತ್ತಿದ್ದ ಮೂಗನಂಥವನೂ ಮರದ ತುಂಡು ಕಿತ್ತುಕೊಂಡು ವಾದಕ್ಕೆ ನಿಂತ. "ಭೇಷ್! ಇಂಥ ಉಪಾಯ ನಾನು ಎಲ್ಲೂ ನೋಡಿರಲಿಲ್ಲ ಕಣಮ್ಮ," ಎಂದು ಪರೀಕ್ಷಕರು ಚಿಕ್ಕವಳ ಕೈ ಕುಲುಕಿದರು.

ದೊಡ್ಡವಳು ಧೊಪ್ಪನೆ ಬೆಂಚಿನ ಮೇಲೆ ಕೂತಳು. ಮಾನ ಉಳಿಯಿತು, ನಿಜ. ಆದರೆ ಹೊಟ್ಟೆಯ ಉರಿ ಇಳಿಯಲಿಲ್ಲ, ಇಮ್ಮಡಿಯಾಯಿತು. ತಾನು ಹಚ್ಚಿದ ಬೆಂಕಿಯಲ್ಲೂ ಅವಳು ಚಳಿ ಕಾಯಿಸಿಕೊಂಡಳಲ್ಲ! ಬಗೆದ ಕೇಡಿಗೂ ಶಹಭಾಸ್‌ಗಿರಿ ಅವಳಿಗೇ!

ಪರೀಕ್ಷಕರು ಹೋದ ಮೇಲೆ ಚಿಕ್ಕವಳು ಬೋಗುಣಿಯನ್ನು ಹೊರಗೆ ತಂದು ನೀರು ಚೆಲ್ಲುತ್ತಿದ್ದಳು. ದೊಡ್ಡವಳು ಹಿಂದೆಯೇ ಬಂದು, "ನೋಡು, ನಾನು ಯಾಕೆ ಹಾಗೆ ಮಾಡಿದೆ ಅಂದ್ರೆ..." ಎಂದು ತಡವರಿಸಿದಳು.

"ಬಿಡಿ ಅಕ್ಕ, ಮನೇಲಿ ನಾನೇನೂ ಹೇಳಲ್ಲ." ಚಿಕ್ಕವಳು ಬೋಗುಣಿಯನ್ನು ಕವುಚಿ ಹಾಕಿ, ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕಳು. "ಮುಂದಿನ ವರ್ಷ ನೀವು ಮತ್ತೆ ಪರೀಕ್ಷೆ ಪಾಠಕ್ಕೆ ನಿಲ್ತೀರಲ್ಲ, ಆಗ ಈ ಮಕ್ಕಳಿಗೆ ಏನು ಹೇಳಿಡಬೇಕೋ ನಾನೇ ಹೇಳಿಟ್ಟಿರ್ತೀನಿ."