ಮೆಟ್ಟಿಲು ಮುಚ್ಚಬೇಡಿ

ಏಳನೇ ಪತ್ರ ಬಂದ ದಿನ ಯೋಜನಾಧಿಕಾರಿ ನಕ್ಷೆಗಾರನನ್ನು ತನ್ನ ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡಳು.

“ಓದಿ ಇದನ್ನ.”

ಆತ ಕನ್ನಡಕ ಏರಿಸಿದ. ‘ಹೊಳೆಯ ಮೆಟ್ಟಿಲು ಮುಚ್ಚಬೇಡಿ. ಅಲ್ಲಿ ನಾಲ್ಕಡಿ ಗೋಡೆ ಕಟ್ಟಿದರೆ ಬುಟ್ಟಿ ಇಟ್ಟು ಮಾರುವವರು ಎಲ್ಲಿ ಕೂರಬೇಕು?’ ಕೆಳಗೆ ಹೆಸರಿಲ್ಲ. ‘ಹೊಳೆದಂಡೆಯವರು’ ಎಂದಷ್ಟೇ.

“ನಾಲ್ಕಡಿ ಅನ್ನೋ ಅಳತೆ ಇನ್ನೂ ಆಯುಕ್ತರಿಗೂ ಹೋಗಿಲ್ಲ. ಗೊತ್ತಿರೋದು ನನಗೆ, ಬಿಟ್ರೆ ನಿಮಗೆ.”

“ನಾನು ಬರೆದಿಲ್ಲ ಮೇಡಂ.”

“ನಿಮ್ಮ ಮನೆ ಹೊಳೆ ಬೀದೀಲಿದೆ. ಒಡೆಯೋ ಮೊದಲನೇ ಸಾಲಲ್ಲಿ.”

“ಇದೆ. ಹೋಗುತ್ತೆ ಅಂತ ಗೊತ್ತಿದ್ದೂ ಆ ಗೆರೆ ಎಳೆದಿದ್ದು ಇದೇ ಕೈ.” ಆತ ಕೈ ಮುಂದೆ ಚಾಚಿದ. ಅದು ಅಪರಾಧಿಯ ಕೈ ಎಂದು ಅವಳು ತೀರ್ಮಾನಿಸಿಬಿಟ್ಟಳು.

ಅವಳ ಬಳಿ ಪುರಾವೆಯೂ ಇತ್ತು. ಮೊದಲ ಪತ್ರದಲ್ಲಿ ‘ಮೆಟಿಲು ಮುಚಬೇಡಿ’ ಎಂದಿತ್ತು. ಒತ್ತಕ್ಷರವೇ ಇಲ್ಲ, ಸಾಲು ಸೊಟ್ಟ. ಮೂರನೆಯದರಲ್ಲಿ ಅರ್ಧ ಸರಿ. ಏಳನೆಯದರಲ್ಲಿ ಒಂದೂ ತಪ್ಪಿಲ್ಲ. ಓದು ಬಾರದವನಂತೆ ನಟಿಸಲು ಹೊರಟವನು ಬರಬರುತ್ತಾ ಮೈಮರೆತಿದ್ದ, ಅಷ್ಟೇ.

ಹಳೇ ಪೇಟೆ ಮತ್ತು ಹೊಳೆದಂಡೆಯ ಮುಂದಿನ ಇಪ್ಪತ್ತೈದು ವರ್ಷಗಳ ಯೋಜನೆ ಅವಳಿಗೆ ಬರೀ ಕಡತವಾಗಿರಲಿಲ್ಲ. ಅದೇ ಮೆಟ್ಟಿಲ ಬುಡದ ಕೆಸರಿನಲ್ಲಿ, ಅಮ್ಮನ ಸೊಪ್ಪಿನ ಬುಟ್ಟಿಯ ಹಿಂದೆ ಕೂತು ಅವಳು ಮಗ್ಗಿ ಕಲಿತವಳು. ಊರಿನ ಹುಡುಗಿಯರ ಮುಂದೆ ನಾಚಿಕೆಯಿಂದ ತಲೆ ತಗ್ಗಿಸಿದವಳು. ಇನ್ನು ಯಾರೂ ಅಲ್ಲಿ ಕೂರಬಾರದು. ಕಲ್ಲು ಹಾಸಿನ ದಾರಿ, ದೀಪದ ಕಂಬಗಳು, ಮರದ ಬೆಂಚುಗಳು ಬರಬೇಕು. ಭಾನುವಾರವೂ ಬಿಡುವಿಲ್ಲದೆ ಮನೆಯ ಊಟದ ಮೇಜಿನ ಮೇಲೆ ನಕ್ಷೆ ಹರವಿಕೊಂಡು, ಅಳತೆಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಗೆರೆ ತಿದ್ದುತ್ತಿದ್ದಳು. ಹಾಳೆ ಸುರುಳಿ ಸುತ್ತದಂತೆ ಅಮ್ಮ ನಾಲ್ಕು ಮೂಲೆಗೂ ಲೋಟ ಇಟ್ಟು, ಪಕ್ಕದಲ್ಲೇ ನಿಂತಿರುತ್ತಿದ್ದಳು.

“ಅಲ್ಲಿ ಕೂರ್ತಿದ್ದೋರೆಲ್ಲ...” ಎಂದು ಅಮ್ಮ ಒಮ್ಮೆ ಬಾಯಿ ತೆರೆದಳು.

“ನಿನಗೆ ಇದೆಲ್ಲ ಅರ್ಥ ಆಗಲ್ಲ, ಬಿಡಮ್ಮ.”

ಅಮ್ಮ ಬಿಟ್ಟಳು. ಎಂದಿನಂತೆ ಮೇಲಿನ ಮಹಡಿಯ ನಿವೃತ್ತ ಟೀಚರ್ ಮನೆಗೆ ಹೊರಟಳು. ಸಂಜೆ ಅಲ್ಲಿ ಒಂದು ಗಳಿಗೆ ಕೂತು ಬರುವುದೇ ಅವಳಿಗಿದ್ದ ಕಾಲಕ್ಷೇಪ.

ನಕ್ಷೆಗಾರನಿಗೆ ದೂರದ ಊರಿಗೆ ವರ್ಗವಾಯಿತು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಹಾಸಿಗೆ ಹಿಡಿದಿದ್ದ ಹೆಂಡತಿಯನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಆತ ಒಬ್ಬನೇ ಹೋದ. ಹೊರಡುವ ಮುನ್ನ ಬಂದು, “ಒಂದು ದಿನ ನಿಮಗೇ ಗೊತ್ತಾಗುತ್ತೆ ಮೇಡಂ,” ಎಂದ. ಅವಳು ಕಡತದಿಂದ ತಲೆ ಎತ್ತಲಿಲ್ಲ.

ಅಷ್ಟಕ್ಕೇ ಪತ್ರಗಳು ನಿಂತವು. ಎಂಟನೆಯದು ಬರಲೇ ಇಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆದರೆ ಆ ಗೆಲುವನ್ನು ಅನುಭವಿಸಲೂ ಪುರುಸೊತ್ತಾಗಲಿಲ್ಲ. ಆತ ಹೋದ ವಾರವೇ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಆಸ್ಪತ್ರೆಯ ಕಾಗದಕ್ಕೆ ಅವಳು ಎಂದಿನಂತೆ ಅಮ್ಮನ ಹೆಬ್ಬೆಟ್ಟು ಒತ್ತಿಸಲು ಹೋದಾಗ ಅಮ್ಮ ಕೈ ಕೊಸರಿಕೊಂಡು, ನರ್ಸಿನ ಜೇಬಿನಲ್ಲಿದ್ದ ಪೆನ್ನಿಗೆ ಎಡಗೈ ಚಾಚಿದಳು. ಕಾಯಿಲೆಯ ಗಲಿಬಿಲಿ ಎಂದುಕೊಂಡು, ಮಗಳು ಆ ಕೈಯ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದು ಶಾಯಿಗೆ ಅದ್ದಿದಳು.

ಮುಂದಿನ ಆರು ತಿಂಗಳಲ್ಲಿ ಹೊಳೆ ಬೀದಿಯ ಮೊದಲ ಸಾಲು ನೆಲಸಮವಾಯಿತು. ಮೆಟ್ಟಿಲ ಮೇಲೆ ಕಾಂಕ್ರೀಟು ಬಿತ್ತು. ಅಳತೆಗೆ ಸರಿಯಾಗಿ ನಾಲ್ಕಡಿ ಗೋಡೆ ಎದ್ದಿತು. ಬುಟ್ಟಿಯವರು ಎಲ್ಲಿ ಹೋದರೆಂದು ಯಾರೂ ಕೇಳಲಿಲ್ಲ.

ಉದ್ಘಾಟನೆಯ ಮರುದಿನ ಮಧ್ಯಾಹ್ನ ಅವಳು ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಾಗ ಟೀಚರ್ ಬಂದರು. ಅಮ್ಮನಿಗೆ ಲಕ್ವ ಹೊಡೆಯುವ ಮೊದಲೇ ಬಾಣಂತಿ ಸೊಸೆಯ ಆರೈಕೆಗೆಂದು ಮಗನ ಊರಿಗೆ ಹೋಗಿದ್ದವರು ಇಷ್ಟು ದಿನಕ್ಕೆ ಮರಳಿದ್ದರು. ಅಮ್ಮನ ಮುದುಡಿದ ಬಲಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

“ಈ ಕೈಗೆ ಹೀಗಾಗಬಾರದಿತ್ತು,” ಎಂದರು. “ಒತ್ತಕ್ಷರ ಕೂರಿಸೋಕೆ ಎಂಟು ತಿಂಗಳು ಒದ್ದಾಡಿದ ಕೈ ಇದು.”

ಮಗಳ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. “ಯಾರ ಕೈ?”

“ನಿಮ್ಮಮ್ಮಂದು. ಏಳು ಪತ್ರ ಬರೆದ್ರಲ್ಲ! ಅಂಚೆಗೆ ಹಾಕ್ತಿದ್ದೋಳು ನಾನೇ. ಹೆಸರು ಹಾಕಿ ಅಂದ್ರೆ ಬೇಡ, ಮಗಳಿಗೆ ಆಫೀಸಲ್ಲಿ ಅವಮಾನ ಆಗುತ್ತೆ ಅನ್ನೋರು. ಹೋಗಲಿ, ಅವಳ ಹತ್ರ ಬಾಯಲ್ಲೇ ಹೇಳಬಾರದಾ ಅಂತ ಒಂದಿನ ಕೇಳ್ದೆ.”

ಅಮ್ಮ ಕಣ್ಣು ಮುಚ್ಚಿಕೊಂಡಳು.

“‘ಮನೇಲಿ ಹೇಳಿದ್ರೆ ಕೇಳಲ್ಲ ಟೀಚರ್, ಆಫೀಸಿಗೆ ಬರೆದ್ರೆ ಓದಲೇಬೇಕಲ್ಲ’ ಅಂದ್ರು.”